ಏಳು ಗಂಟೆಯ ಫೋನು

‘ತಿಂಗಳಿಗೆ ಎರಡು ಭಾನುವಾರ ಮಗಳನ್ನು ತಂದೆಯ ಮನೆಗೆ ಕಳಿಸಿಕೊಡಬೇಕು’ ಎಂದು, ಹೆಂಡತಿಯಿಂದ ಬೇರೆಯಾದ ನನ್ನ ಪರವಾಗಿ ನನ್ನ ವಕೀಲರು ಬರೆದಿದ್ದರು. ಸಹಿ ಹಾಕುವಾಗ ಎರಡೇ ಎರಡು ದಿನವೇ ಎಂದು ಸಂಕಟವಾಗಿತ್ತು. ಮೈಸೂರಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಆ ಸಾಲು ಓದಿದ ಮಧ್ಯಸ್ಥಗಾರ್ತಿ ಮೇಡಂ ಕೇಳಿದರು: “ನಿಮ್ಮ ಕಲಬುರಗಿ ಇಲ್ಲಿಂದ ಎಷ್ಟು ದೂರ?”

“700 ಕಿಲೋಮೀಟರಿಗಿಂತ ಜಾಸ್ತಿ ಆಗ್ತದ್ರೀ.”

“ಅಂದ್ರೆ ಶನಿವಾರ ರಾತ್ರಿ ರೈಲಲ್ಲಿ, ಭಾನುವಾರ ರಾತ್ರಿಯೂ ರೈಲಲ್ಲಿ. ಸೋಮವಾರ ಎಂಟು ವರ್ಷದ ಮಗು ಸ್ಕೂಲಲ್ಲಿ ಹೇಗೆ ಕೂತ್ಕೊಳ್ಳುತ್ತೆ?”

ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಅಮ್ಮನ ಹತ್ತಿರವೇ ಇರಲಿ ಎಂಬುದಕ್ಕೆ ನನ್ನ ತಕರಾರಿರಲಿಲ್ಲ. ಅವಳ ಶಾಲೆ, ಗೆಳತಿಯರೆಲ್ಲ ಅಲ್ಲೇ. ನಾನು ಕೇಳುತ್ತಿದ್ದುದು ಭೇಟಿಯ ಹಕ್ಕು. ಆದರೆ ನಾನು ಎಣಿಸಿದ್ದು ನನ್ನ ಭಾನುವಾರಗಳನ್ನು. ಅವಳು ರೈಲಿನಲ್ಲಿ ಕಳೆಯಬೇಕಾದ ರಾತ್ರಿಗಳನ್ನಲ್ಲ.

ಆಮೇಲೆ ಮೇಡಂ ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡರು. ಇಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಯಾರೂ ಬಳಸುವಂತಿಲ್ಲ, ಬಿಚ್ಚಿ ಹೇಳಿ ಎಂದರು. “ಮಗಳು ನಿಮ್ಮನೆಗೆ ಬಂದಾಗ ಏನ್ಮಾಡ್ತಾಳೆ?” ಬೆಳಿಗ್ಗೆ ನಮ್ಮ ಅವ್ವನ ಜೊತೆ ಅಂಗಳಕ್ಕೆ ನೀರು ಹೊಡೆಯುತ್ತಾಳೆ, ರೊಟ್ಟಿ ಬಡಿಯುತ್ತೇನೆಂದು ಹಿಟ್ಟಿಗೆ ಕೈ ಹಾಕುತ್ತಾಳೆ, ಎರಡು ದಿನ ಕಳೆದರೆ ನಮ್ಮಂತೆಯೇ ‘ಹೌದಲಾ’ ಎನ್ನಲು ಶುರುಮಾಡುತ್ತಾಳೆ. ಹೇಳುತ್ತ ಹೇಳುತ್ತ ನನಗೇ ತಿಳಿಯಿತು, ಇದ್ಯಾವುದೂ ಒಂದು ಭಾನುವಾರದಲ್ಲಿ ಆಗುವಂಥದ್ದಲ್ಲ.

ಭಾನುವಾರಗಳನ್ನು ಬಿಟ್ಟುಕೊಟ್ಟು ರಜೆ ಕೇಳಿದೆ. ಬೇಸಿಗೆ ರಜೆಗೆ ಅವಳ ಅಮ್ಮ ತಕ್ಷಣ ಒಪ್ಪಲಿಲ್ಲ. “ಮೇ ತಿಂಗಳಲ್ಲಿ ಅಲ್ಲಿ ಬಿಸಿಲು ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ವಾ? ಹೋದ ಸಲ ಮೂಗಲ್ಲಿ ರಕ್ತ ಬಂದಿತ್ತು.” ನನ್ನ ಊರನ್ನು ಹಳಿಯುತ್ತಿದ್ದಾಳೆ ಎಂದು ಸಿಟ್ಟು ಬಂತು. ಆದರೆ ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸುಳ್ಳಲ್ಲ. ಏಪ್ರಿಲಿನಲ್ಲಿ ಶಾಲೆ ಮುಚ್ಚಿದ ಕೂಡಲೇ 15 ದಿನ ಎಂದಾಯಿತು. ದಸರಾ ರಜೆಯಲ್ಲಿ ಮೊದಲ ವಾರ ನನ್ನ ಬಳಿ; ಜಂಬೂ ಸವಾರಿ ತಪ್ಪಿದರೆ ಮಗಳು ಅಳುತ್ತಾಳೆ, ಅಷ್ಟರೊಳಗೆ ಮೈಸೂರಿಗೆ ತಲುಪಿಸಬೇಕು. ದೀಪಾವಳಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಉಳಿದಂತೆ ನಾನೇ ಮೈಸೂರಿಗೆ ಬಂದರೆ, ವಾರ ಮುಂಚೆ ತಿಳಿಸಿ, ಶನಿವಾರ ಭಾನುವಾರ ಹಗಲು ಅವಳ ಜೊತೆ ಇರಬಹುದು. ರೈಲಿನ ರಾತ್ರಿ ನನ್ನದಾಗಲಿ. ರೈಲು ರದ್ದಾದರೆ ಕಳೆದುಹೋದ ದಿನ ಮುಂದಿನ ರಜೆಗೆ ಸೇರಬೇಕು ಎಂಬುದನ್ನೂ ಬರೆಸಿದೆವು.

ನಿಜವಾಗಿ ಕಷ್ಟವಾದದ್ದು ಫೋನಿನ ವಿಷಯ. ಮಗು ಯಾರ ಬಳಿ ಇಲ್ಲವೋ ಆ ತಂದೆಗೋ ತಾಯಿಗೋ ದಿನಾ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು, ವಿಡಿಯೊ ಕಾಲ್ ಆದರೆ ಒಳ್ಳೆಯದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರು ಎಂಟು ಗಂಟೆ ಎಂದು ಬರೆದಿದ್ದರು, ಅದು ಮಗಳ ಊಟದ ಹೊತ್ತು, ಏಳಕ್ಕೆ ಇಳಿಸಿದೆವು. ನಾನು ಅಲ್ಲಿಗೇ ನಿಲ್ಲಬೇಕಿತ್ತು. “ಸ್ಪೀಕರ್ ಹಾಕಬಾರದು, ಮಗಳು ಬೇರೆ ಕೋಣೆಯಲ್ಲಿ ಕೂತು ಮಾತಾಡಲಿ” ಎಂದೆ.

“ನಾನು ಕದ್ದು ಕೇಳ್ತೀನಾ?” ಎಂದಳು ಅವಳ ಅಮ್ಮ. ಮುಖ ಬಾಡಿತ್ತು. ಆದರೂ ಒಪ್ಪಿದಳು. ಮಗಳು ಕಲಬುರಗಿಯಲ್ಲಿದ್ದಾಗ ಅದೇ ನಿಯಮ ತನಗೂ ಬೇಕೆಂದು ಬರೆಸಿದಳು.

ಏಪ್ರಿಲಿನಲ್ಲಿ ಹೋಗಿ ಕರೆತಂದೆ. ವಾಡಿ ಜಂಕ್ಷನ್ ಬರುವ ಹೊತ್ತಿಗೆ ಎದ್ದು ಕಿಟಕಿಗೆ ಅಂಟಿಕೊಂಡಿದ್ದಳು. ಎರಡು ದಿನ ಖುಷಿಯಾಗಿದ್ದಳು. ಮೂರನೆಯ ದಿನ ಸಂಜೆ ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅವ್ವ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಹಿಡಿದು “ಯಾಕವ್ವಾ, ಏನಾಯ್ತು?” ಎಂದು ಕೇಳುತ್ತಲೇ ಇದ್ದಳು. ಏಳು ಗಂಟೆಗೆ ಫೋನು ಬಂತು. ಮಗಳ ಕೈಗೆ ಕೊಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅಂಗಳಕ್ಕೆ ಬಂದೆ. ಒಳಗಿಂದ ಅಳು ಕೇಳಿಸಿತು, ಸ್ವಲ್ಪ ಹೊತ್ತಿಗೆ ಅದು ನಿಂತು ಪಿಸುಮಾತಾಯಿತು. ಹತ್ತು ನಿಮಿಷ ಯಾವಾಗಲೋ ದಾಟಿತ್ತು. ನಾನು ಬಾಗಿಲು ತಟ್ಟಲಿಲ್ಲ.