ಯಾರೂ ನೋಡದ ಉತ್ತರ

ನೆದರ್ಲೆಂಡ್ಸ್‌ಗೆ ಬಂದು ಮೂರನೇ ವರ್ಷ. ಇಲ್ಲಿ ಪಿಎಚ್‌ಡಿ ಮಾಡುವವರಲ್ಲಿ ಹೆಚ್ಚಿನವರು ಯೂನಿವರ್ಸಿಟಿಯ ನೌಕರರು. ಸಾಮಾನ್ಯವಾಗಿ ನಾಲ್ಕು ವರ್ಷದ ಕರಾರು, ತಿಂಗಳ ಸಂಬಳ. ಹಾಗಾದ್ರೆ ಕೆಲಸ ಏನು ಅಂತ ಮನೆಯವರು, ಗೆಳೆಯರು ಕೇಳುತ್ತಲೇ ಇರುತ್ತಾರೆ.

ನೀವು ಇಂಟರ್ನೆಟ್‌ನಲ್ಲಿ ಏನೋ ಹುಡುಕುತ್ತೀರಿ. ಹತ್ತು ಉತ್ತರ ಬರುತ್ತವೆ, ಮೊದಲನೆಯದನ್ನು ಒತ್ತುತ್ತೀರಿ. ಅದು ಚೆನ್ನಾಗಿದೆ ಅಂತ ಒತ್ತಿದಿರೋ, ಮೇಲಿದೆ ಅಂತ ಒತ್ತಿದಿರೋ? ನನ್ನ ಸಂಶೋಧನೆಯೆಲ್ಲ ಈ ಪ್ರಶ್ನೆಯ ಸುತ್ತ.

1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಲೈಬ್ರೇರಿಯನ್ ತಂಡ, ಹುಡುಕುವ ವಿಧಾನ ಎಷ್ಟು ಚೆನ್ನಾಗಿದೆ ಎಂದು ಅಳೆಯಲು, 1400 ಲೇಖನ, 225 ಪ್ರಶ್ನೆ ಇಟ್ಟುಕೊಂಡು, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಜನರ ಕೈಯಲ್ಲೇ ಗುರುತು ಹಾಕಿಸಿತ್ತು. ಆ ಪದ್ಧತಿ ಈಗಲೂ ಇದೆ. ಆದರೆ ಕೋಟಿಗಟ್ಟಲೆ ಪ್ರಶ್ನೆಗೆ ಗುರುತು ಹಾಕುವವರು ಎಲ್ಲಿ ಸಿಗುತ್ತಾರೆ? ಅದಕ್ಕೇ ಯಂತ್ರಕ್ಕೆ ಕ್ಲಿಕ್ಕುಗಳಿಂದ ಕಲಿಸುತ್ತೇವೆ. ತೊಂದರೆ ಶುರುವಾಗುವುದೂ ಅಲ್ಲೇ. ಕೆಳಗಿನ ಉತ್ತರ ಕಣ್ಣಿಗೇ ಬೀಳದಿದ್ದರೆ ಯಾರೂ ಒತ್ತುವುದಿಲ್ಲ. ಯಾರೂ ಒತ್ತಲಿಲ್ಲ ಅಂತ ಯಂತ್ರ ಅದನ್ನು ಇನ್ನೂ ಕೆಳಗೆ ತಳ್ಳುತ್ತದೆ. ಒಳ್ಳೆಯ ಉತ್ತರವೊಂದು ಹೀಗೆ ಹೂತುಹೋಗುವುದು ಅನ್ಯಾಯ ಅಲ್ವಾ?

ಮೊದಲ ವರ್ಷ ನಾನೂ ಇಲ್ಲೇ ಎಡವಿದೆ. ನನ್ನ ಮಾಡೆಲ್‌ಗೆ, ಅಂದ್ರೆ ಕ್ಲಿಕ್ಕುಗಳಿಂದ ಕಲಿತು ಉತ್ತರಗಳನ್ನು ಮೇಲೆ ಕೆಳಗೆ ಜೋಡಿಸುವ ಪ್ರೋಗ್ರಾಮಿಗೆ, ಒಳ್ಳೆಯ ಅಂಕ ಬರುತ್ತಿತ್ತು. ಎರಡು ವಾರ ಖುಷಿಯಲ್ಲಿದ್ದೆ. "ಜನ ಕ್ಲಿಕ್ ಮಾಡಿದ ಹಳೆಯ ಪಟ್ಟಿಯ ಪಕ್ಕ ಇಟ್ಟು ನೋಡಿದೆಯಾ?" ಎಂದು ಗೈಡ್ ಕೇಳಿದರು. ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ನನ್ನ ಮಾಡೆಲ್ ಕಲಿತದ್ದು ಒಳ್ಳೆಯ ಉತ್ತರ ಯಾವುದು ಎಂದಲ್ಲ, ಮೊದಲು ಯಾವುದು ಮೇಲಿತ್ತು ಎಂದು. ಆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೊಂದು ದಾರಿ ಇದೆ. ಪಟ್ಟಿಯ ಒಂದು ಸಾಲನ್ನು ನಾಲ್ವರಲ್ಲಿ ಒಬ್ಬರು ಮಾತ್ರ ನೋಡುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಬಿದ್ದ ಒಂದು ಕ್ಲಿಕ್ಕನ್ನು ನಾಲ್ಕು ಎಂದು ಎಣಿಸುವುದು. 2017ರಲ್ಲಿ ಥಾರ್ಸ್ಟನ್ ಯೋಆಕಿಮ್ಸ್ ಎಂಬ ಸಂಶೋಧಕ ಮತ್ತು ಜೊತೆಗಾರರು ಇದನ್ನು ಗಟ್ಟಿ ಲೆಕ್ಕವಾಗಿ ಬರೆದರು. ಓದಿದ ದಿನ ನನಗೆ ಕತ್ತಲಲ್ಲಿ ದೀಪ ಸಿಕ್ಕ ಹಾಗಾಯಿತು. ಯಾವ ಸಾಲನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು, ಕೆಲವರಿಗೆ ಮಾತ್ರ ಎರಡು ಉತ್ತರಗಳ ಜಾಗ ಅದಲುಬದಲು ಮಾಡಿ ಕ್ಲಿಕ್ ಎಷ್ಟು ಬದಲಾಯಿತು ಎಂದು ನೋಡುತ್ತಾರೆ.

ಆದರೆ ಸಾವಿರದಲ್ಲಿ ಒಬ್ಬರೇ ನೋಡುವ ಸಾಲಿದ್ದರೆ? ಸುಮ್ನೆ ಕೈತಪ್ಪಿ ಬಿದ್ದ ಒಂದು ಕ್ಲಿಕ್ ಸಾವಿರವಾಗಿ ಲೆಕ್ಕಕ್ಕೆ ಬರುತ್ತದೆ, ಇಡೀ ಪಟ್ಟಿ ಅಲುಗಾಡುತ್ತದೆ. ಅದಕ್ಕೆ, ಒಂದು ಕ್ಲಿಕ್ಕನ್ನು ಹೆಚ್ಚೆಂದರೆ ಎಷ್ಟು ಎಂದು ಎಣಿಸಬಹುದು ಅಂತ ಒಂದು ಮಿತಿ ಹಾಕುತ್ತೇವೆ. ಮಿತಿ ಜಾಸ್ತಿ ಬಿಗಿಯಾದರೆ ಕೆಳಗಿನ ಉತ್ತರ ಮತ್ತೆ ಹೂತುಹೋಗುತ್ತದೆ. ಆ ಮಿತಿ ಎಲ್ಲಿರಬೇಕು ಅನ್ನುವುದೇ ನನ್ನ ಪ್ರಬಂಧದ ಮೂರನೇ ಅಧ್ಯಾಯ. ಈಗ ಅದನ್ನೇ ಬರೆಯುತ್ತಿದ್ದೇನೆ.