ಮೇಲೆ ಅಕ್ರೋಟು, ಒಳಗೆ ಪಾಪ್ಲರ್

ಮಿಲಾನಿನ ನವೀಲ್ಯೊ ಗ್ರಾಂದೆ ಕಾಲುವೆಯ ದಂಡೆಯಲ್ಲಿ ತಿಂಗಳ ಕೊನೆಯ ಭಾನುವಾರ ನೆರೆಯುವ ಹಳೆಯ ಸಾಮಾನುಗಳ ಸಂತೆಯಲ್ಲಿ, ಮೂರು ಡ್ರಾಯರ್‌ಗಳ ಒಂದು ‘ಕಸ್ಸೆತ್ತೋನೆ’ಯ (ಡ್ರಾಯರ್ ಕಪಾಟಿನ) ಎದುರು ಬಹಳ ಹೊತ್ತು ನಿಂತಿದ್ದೆ. 18ನೆಯ ಶತಮಾನದ ಕೊನೆಯದೆಂದು ವ್ಯಾಪಾರಿ ಹೇಳುತ್ತಿದ್ದ ಅದರ ಹೊರಮೈಯೆಲ್ಲ ಅಕ್ರೋಟು ಮರದ್ದು. ಡ್ರಾಯರ್ ಎಳೆದರೆ ಒಳಗೆ ಬಿಳಿಚಿಕೊಂಡ ಪಾಪ್ಲರ್ ಮರ. ಬೀಟೆ, ತೇಗ, ಹಲಸಿನ ಗಟ್ಟಿ ಹಲಗೆಗಳ ನಡುವೆ ಬೆಳೆದ ನನಗೆ ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ನೆನಪಾಯಿತು. (ಹುಳುಕೂ ಇತ್ತು; ಹಿಂಬದಿಯ ಹಲಗೆಯಲ್ಲಿ ಹುಳು ಕೊರೆದ ದುಂಡನೆಯ ಸಣ್ಣ ತೂತುಗಳು ಕಾಣುತ್ತಿದ್ದವು.)

ಆದರೆ ವಿನಿಯರ್ (ಬೇರೆ ಮರದ ಮೇಲೆ ಅಂಟಿಸುವ ಚೆಂದದ ಮರದ ತೆಳು ಹಾಳೆ) ಎಂದರೆ ಮೋಸವೆಂಬ ನಮ್ಮ ಎಣಿಕೆ ಪ್ಲೈವುಡ್ಡಿನ ಕಾಲದ್ದು. 18ನೆಯ ಶತಮಾನದಲ್ಲಿ ವಿನಿಯರನ್ನು ಗರಗಸದಿಂದ ಕೈಯಲ್ಲೇ ಸೀಳುತ್ತಿದ್ದುದರಿಂದ ಅದು ಎರಡು ಮೂರು ಮಿಲಿಮೀಟರ್ ದಪ್ಪವಿರುತ್ತಿತ್ತು. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದಾಗಿ ಸೀಳಿದ ಎರಡು ಹಾಳೆಗಳನ್ನು ಪುಸ್ತಕದಂತೆ ಬಿಡಿಸಿ ಪಕ್ಕಪಕ್ಕದಲ್ಲಿ ಕೂರಿಸಿದಾಗ, ಮರದ ಎಳೆಗಳು ನಡುಗೆರೆಯ ಎರಡೂ ಬದಿಗೆ ಕನ್ನಡಿಯ ಬಿಂಬದಂತೆ ಹರಡಿಕೊಳ್ಳುತ್ತವೆ. ಚೆಂದದ ಎಳೆಯಿರುವ ಗಂಟುಭಾಗ ದಪ್ಪ ಹಲಗೆಯಾಗಿ ಉಳಿದರೆ ಸೊಟ್ಟಗಾಗಿ ಸೀಳಿಬಿಡುವ ಸಂಭವವೇ ಹೆಚ್ಚು. ಆದ್ದರಿಂದ ಅದನ್ನು ತೆಳುವಾಗಿಸಿ, ತೊಗಲು ಮೂಳೆಗಳನ್ನು ಕುದಿಸಿ ಮಾಡಿದ ಬಿಸಿ ಅಂಟಿನಿಂದ ಹಗುರವಾದ ಪಾಪ್ಲರ್ ಮೇಲೆ ಕೂರಿಸುತ್ತಿದ್ದರು. ಶಾಖ, ತೇವ ತಾಗಿದರೆ ಆ ಅಂಟು ಮತ್ತೆ ಮೆದುವಾಗುತ್ತದೆ. ಎದ್ದ ವಿನಿಯರನ್ನು ಇಂದಿಗೂ ಸರಿಪಡಿಸಲು ಸಾಧ್ಯವಾಗುವುದು ಅದರಿಂದಲೇ.

ಈ ಕಸುಬನ್ನು ಶಿಖರಕ್ಕೇರಿಸಿದವನು ಮಿಲಾನಿನ ಹತ್ತಿರದ ಪಾರಾಬ್ಯಾಗೊ ಊರಿನ ಜುಸೆಪ್ಪೆ ಮಾಜ್ಜೊಲೀನಿ (1738–1814). ಹತ್ತಾರು ಜಾತಿಯ ಮರಗಳ ಬಣ್ಣಗಳಿಂದ ಅವನು ಹೂಬಳ್ಳಿ, ಪದಕಗಳ ಚಿತ್ರ ಜೋಡಿಸುತ್ತಿದ್ದ. ಮೈಸೂರಿನ ಬೀಟೆ ಕೆತ್ತನೆಯಲ್ಲಿ ಹಲಗೆಯನ್ನು ತೋಡಿ ತುಣುಕುಗಳನ್ನು ಕೂರಿಸಿದರೆ, ಇಲ್ಲಿ ತುಣುಕುಗಳೇ ಸೇರಿ ಇಡೀ ಹೊದಿಕೆಯಾಗುತ್ತವೆ. ಮಿಲಾನ್ ಸುತ್ತಲಿನ ಲೊಂಬಾರ್ದಿ ಪ್ರಾಂತದ ಹಳೆಯ ಕಪಾಟು ಕಂಡಲ್ಲೆಲ್ಲ ಅವನ ಹೆಸರು ಹೇಳುವ ಚಪಲ ವ್ಯಾಪಾರಿಗಳಿಗಿದೆ. ನನ್ನೆದುರಿನದು ಅಷ್ಟು ದೊಡ್ಡ ಮನೆತನದ್ದಲ್ಲ.

ಹಾಗಾಗಿ ಅದರ ವಯಸ್ಸನ್ನು ಒಳಗಿನಿಂದಲೇ ಅಳೆಯಬೇಕಾಯಿತು. ಡ್ರಾಯರ್ ಮೂಲೆಗಳ ಹಲ್ಲುಜೋಡಣೆ ಕೈಗೆಲಸಕ್ಕೆ ತಕ್ಕಂತೆ ಒಂದೊಂದು ಒಂದೊಂದು ಅಳತೆಯದಾಗಿತ್ತು, ಅಡಿಪಟ್ಟಿಗಳು ಎಳೆದೆಳೆದು ಸವೆದಿದ್ದವು, ಹಳೆಯ ಹಿಡಿಕೆಯ ತೂತುಗಳನ್ನು ಮುಚ್ಚಿದ ಗುರುತು ಒಳಗಡೆ ಉಳಿದಿತ್ತು. ಮೇಲಿನೆರಡು ಡ್ರಾಯರ್‌ಗಳಲ್ಲಿ ಒಂದೇ ಧಾರೆಯಾಗಿ ಇಳಿದು ಬಂದ ಎಳೆ ಮಾತ್ರ ಮೂರನೆಯದರಲ್ಲಿ ಬೆರಳಗಲ ಪಕ್ಕಕ್ಕೆ ಜರುಗಿತ್ತು. ಅದನ್ನು ತೋರಿಸಿದಾಗ ವ್ಯಾಪಾರಿ, ಯಾವ ಕಾಲದಲ್ಲೋ ಯಾರೋ ಬದಲಿಸಿರಬೇಕೆಂದು ನಕ್ಕು, ನಾನು ಕೇಳದೆಯೇ ಬೆಲೆ ಇಳಿಸಿದ.