ಅಂಗಳದ ಗ್ರಿಲ್ಲು, ಬಚ್ಚಲಿನ ಹಂಡೆ ಒಲೆ

ಸಕಲೇಶಪುರದ ಸುತ್ತಮುತ್ತ ಸಣ್ಣಪುಟ್ಟ ಕಟ್ಟಡದ ಕಾಂಟ್ರಾಕ್ಟ್ ಮಾಡಿಕೊಂಡಿದ್ದೇನೆ. ಮೊದಲೆಲ್ಲ ತೋಟದ ಕೆಲಸದವರ ಲೈನ್ ಮನೆ, ಕಾಫಿ ಕಣ, ಗೋಡೌನ್. ಈಗ ಜಾಸ್ತಿ ಹೋಂಸ್ಟೇ ಕೆಲಸ. ಗೆಸ್ಟ್ ಬಂದರೆ ಸಂಜೆ ಬೆಂಕಿ ಬೇಕು, ಬೆಂಕಿ ಇದ್ದಮೇಲೆ ಕೋಳಿ ಸುಡೋಕೆ ಗ್ರಿಲ್ಲೂ ಬೇಕು. ಹಾಗೆ ಬಂದ ಮೊದಲ ಹೊರಾಂಗಣ ಅಡುಗೆಕಟ್ಟೆಯಲ್ಲೇ ನಾನು ಚೆನ್ನಾಗಿ ಪೆಟ್ಟು ತಿಂದೆ.

ಮನೆಯೊಳಗಿನ ಅಡುಗೆಕಟ್ಟೆಯನ್ನೇ ಅಂಗಳಕ್ಕೆ ತಂದರಾಯಿತು ಅಂದುಕೊಂಡಿದ್ದೆ. ಹತ್ತು ಅಡಿ ಉದ್ದ, ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ, ಮೇಲೆ ಒಂದೇ ತುಂಡಿನ ಕಪ್ಪು ಗ್ರಾನೈಟ್. ನಡುವೆ ಚೌಕ ಕಟ್ ಮಾಡಿಸಿ ಮೂರಡಿ ಸ್ಟೀಲ್ ಇದ್ದಿಲು ಪೆಟ್ಟಿಗೆ ಇಳಿಸಿದೆ. ಎಷ್ಟು ಟೈಟಾಗಿ ಕೂತಿತ್ತೆಂದರೆ ಪಕ್ಕದಲ್ಲಿ ವಿಸಿಟಿಂಗ್ ಕಾರ್ಡೂ ತೂರುತ್ತಿರಲಿಲ್ಲ. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದೆ.

ಉಪಯೋಗಿಸಿದ ಎರಡನೇ ರಾತ್ರಿಯೇ ಓನರ್ ಫೋನ್. 'ಟಪ್ ಅಂತ ಸದ್ದಾಯ್ತು, ಬಂದು ನೋಡಪ್ಪ.' ಬೆಳಗ್ಗೆ ಹೋದೆ. ಚೌಕದ ಹಿಂದಿನ ಮೂಲೆಯಿಂದ ಹೊರಟ ಬಿರುಕು ಸೀದಾ ಅಂಚಿನವರೆಗೂ ಓಡಿತ್ತು. ಮೂಲೆಯಲ್ಲಿ ಉಗುರು ಹೋಗುವಷ್ಟು ಅಗಲ, ಅಂಚಿನಲ್ಲಿ ಕೂದಲೆಳೆ. ಪೆಟ್ಟಿಗೆಯ ಪಕ್ಕ ಹೊಟ್ಟೆಯ ಹಾಗೆ ಉಬ್ಬಿತ್ತು. ಕೆಳಗಿನ ಸಿಮೆಂಟ್ ಗಾರೆ ಕೆರೆದರೆ ಪುಡಿಪುಡಿ.

ಮೊದಲು ಕಲ್ಲಿನ ಅಂಗಡಿಯವನಿಗೆ ಬೈದೆ. ನಮ್ಮ ಮೇಸ್ತ್ರಿ ಬೀಡಿ ಆರಿಸಿ ಒಂದೇ ಮಾತು ಕೇಳಿದರು: 'ಸಾ, ನಿಮ್ಮ ಮನೆ ಬಚ್ಚಲ ಹಂಡೆ ಒಲೆಗೆ ಸಿಮೆಂಟ್ ಹಾಕಿದಾರಾ?'

ಇಲ್ಲ. ಅಜ್ಜಿ ಕಾಲದಿಂದಲೂ ಅದು ಇಟ್ಟಿಗೆ, ಮಣ್ಣು. ಹಂಡೆ ಒಲೆ ಮೇಲೆ ಸುಮ್ನೆ ಕೂತಿರುತ್ತದೆ, ಯಾರೂ ಬಿಗಿದಿಲ್ಲ. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಮಣ್ಣು ಬಿರಿದರೆ ಒಂದು ಕೈ ಕೆಮ್ಮಣ್ಣು ಬಳಿದರೆ ಆಯ್ತು. ದಿನಾ ಬೆಳಗ್ಗೆ ಅದೇ ಬಚ್ಚಲಲ್ಲಿ ಮೀಯುವವನಿಗೆ ಇದು ಹೊಳೆಯಲಿಲ್ಲ ನೋಡಿ.

ಆಮೇಲೆ ಕೂತು ಲೆಕ್ಕ ಹಾಕಿದೆ. 304 ಅನ್ನೋ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಂದು ಮೀಟರ್ ಉದ್ದಕ್ಕೆ, 100 ಡಿಗ್ರಿ ಏರಿದರೆ ಸುಮಾರು 1.7 ಮಿ.ಮೀ. ಬೆಳೆಯುತ್ತದೆ. ಮೂರಡಿ ಪೆಟ್ಟಿಗೆ 300 ಡಿಗ್ರಿ ಏರಿದರೆ ನಾಲ್ಕೂವರೆ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಾನು ಬಿಟ್ಟಿದ್ದ ಜಾಗ ಸೊನ್ನೆ. ಸಾಲದ್ದಕ್ಕೆ ಚೌಕದ ಮೂಲೆ ಚೂಪಾಗಿ ಕಟ್ ಮಾಡಿಸಿದ್ದೆ. ಕಲ್ಲು ಸೀಳುವುದು ಶುರುವಾಗುವುದೇ ಅಂಥ ಮೂಲೆಯಿಂದ. ಮೊದಲು ಮೂಲೆಗೆ ಡ್ರಿಲ್ ಹೊಡೆದು, ದುಂಡಗೆ ಮಾಡಿ ಆಮೇಲೆ ಕಟ್ ಮಾಡಿಸಬೇಕಿತ್ತು. ಸಿಮೆಂಟೂ ಅಷ್ಟೇ, 400 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತಾ ಹೋಗುತ್ತದೆ.

ಎರಡನೇ ಸಲ ಎಲ್ಲ ಒಡೆದು ಕಟ್ಟಿದೆವು. ಒಳಗೆ ಬೆಂಕಿಯ ಕಾವು ತಡೆಯುವ ಇಟ್ಟಿಗೆ, ಅಂದರೆ ಫೈರ್ ಬ್ರಿಕ್, ಅದಕ್ಕೆ ಅಂಥದ್ದೇ ಮಣ್ಣಿನ ಫೈರ್ ಕ್ಲೇ ಗಾರೆ. ಸಂದು ಎರಡು ಮೂರು ಮಿ.ಮೀ.ಗಿಂತ ದಪ್ಪ ಬೇಡ. ನಮ್ಮ ಗಾರೆಯವರಿಗೆ ಅರ್ಧ ಇಂಚು ಹಾಕಿ ಅಭ್ಯಾಸ, ಹಾಗಾಗಿ ಮೊದಲ ಎರಡು ವರಸೆಯನ್ನು ಮೇಸ್ತ್ರಿಯೇ ಪಕ್ಕ ನಿಂತು ಇಡಿಸಿದರು. ಇಟ್ಟಿಗೆಗೂ ಹೊರಗಿನ ಬ್ಲಾಕ್ ಗೋಡೆಗೂ ನಡುವೆ ಒಂದಿಂಚು ಖಾಲಿ. ಪೆಟ್ಟಿಗೆಯ ಸುತ್ತ ಅರ್ಧ ಇಂಚು, ಅಂಚಿನ ಪಟ್ಟಿ ಅದನ್ನು ಮುಚ್ಚುತ್ತದೆ. ಗ್ರಾನೈಟ್ ಒಂದೇ ತುಂಡಲ್ಲ, ಎಡ ಬಲ ಎರಡು, ಹಿಂದೆ ಒಂದು ಪಟ್ಟಿ. ಬೆಂಕಿಯ ಹತ್ತಿರ ಕಡಪ ಕಲ್ಲೂ ಬೇಡ. ಅಗ್ಗ ಅಂತ ಹಾಕಿದವರದ್ದು ಪದರ ಎದ್ದದ್ದನ್ನು ನೋಡಿದ್ದೇನೆ.

ಕಟ್ಟಿ ಮುಗಿದ ದಿನವೇ ಭಾರಿ ಬೆಂಕಿ ಹಾಕಬಾರದು. ಒಳಗಿನ ತೇವ ಆವಿಯಾಗಿ ಸಂದು ಒಡೆಯುತ್ತದೆ. ವಾರ ಒಣಗಲು ಬಿಟ್ಟು, ಮೂರ್ನಾಲ್ಕು ದಿನ ಸಣ್ಣ ಬೆಂಕಿ ಮಾಡಿದೆವು. ಓನರಿಗೆ ತಡೆಯಲಾಗದೆ ಎರಡನೇ ದಿನವೇ ಮೀನು ತಂದರು. ಕೆಂಡ ಕಮ್ಮಿ ಇತ್ತು, ಅರ್ಧಂಬರ್ಧ ಬೆಂದಿತ್ತು, ಆದರೂ ತಿಂದೆವು.

ಗ್ಯಾಸ್ ವಿಷಯದಲ್ಲೂ ಎಡವಿದ್ದೆ. ಸೈಡ್ ಬರ್ನರಿಗೆ 19 ಕೆ.ಜಿ. ಸಿಲಿಂಡರ್ ಕಟ್ಟೆಯ ಕೆಳಗೆ, ಬಾಗಿಲು ಹಾಕಿದ ಗೂಡಿನಲ್ಲಿ ಇಟ್ಟಿದ್ದೆವು. ಗಾಳಿಗೆಂದು ಮೇಲ್ಗಡೆ ಜಾಲರಿ ಕೊಟ್ಟಿದ್ದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಇಳಿದು ಕೂರುತ್ತದೆ. ಜಾಲರಿ ಬೇಕಾದದ್ದು ನೆಲಮಟ್ಟದಲ್ಲಿ, ಎರಡೂ ಕಡೆ. ಈಗ ನಾನು ಸಿಲಿಂಡರನ್ನು ಕಟ್ಟೆಯೊಳಗೆ ಇಡುವುದೇ ಇಲ್ಲ. ಗ್ರಿಲ್ಲಿನಿಂದ ದೂರ, ಹೊರಗಡೆ ಬೇರೆ ಗೂಡು.

ಗಾಳಿಯದ್ದೂ ಒಂದು ಕಥೆ. ನಕ್ಷೆ ಬರೆದದ್ದು ಜುಲೈನಲ್ಲಿ. ಪಡುವಣ ಗಾಳಿ ನೋಡಿಕೊಂಡು, ಹೊಗೆ ಊಟದ ಮೇಜಿನ ಕಡೆ ಬರದ ಹಾಗೆ ಜಾಗ ಗುರುತು ಮಾಡಿದೆ. ಗೆಸ್ಟ್ ತುಂಬುವುದು ಡಿಸೆಂಬರಿನಲ್ಲಿ, ಆಗ ಗಾಳಿ ಮೂಡಲಿಂದ. ಹೊಗೆಯೆಲ್ಲ ಊಟಕ್ಕೆ ಕೂತವರ ಮುಖಕ್ಕೆ. ಕೊನೆಗೆ ಮೇಜನ್ನೇ ಎತ್ತಿ ಆಚೆ ಹಾಕಿದೆವು. ಈಗ ಹೊಸ ಕೆಲಸಕ್ಕೆ ಹೋದರೆ ಎರಡು ಸಂಜೆ ಊದುಬತ್ತಿ ಹಚ್ಚಿಕೊಂಡು ಅಲ್ಲಿ ನಿಲ್ಲುತ್ತೇನೆ, ಮನೆಯವರಿಗೂ ಯಾವ ತಿಂಗಳಲ್ಲಿ ಗಾಳಿ ಯಾವ ಕಡೆ ಅಂತ ಕೇಳುತ್ತೇನೆ. ಕೆಲಸದವರು ಪೂಜೆ ಅಂದುಕೊಳ್ಳುತ್ತಾರೆ.

ಮನೆಯಲ್ಲಿ ನೀವೇ ಕಟ್ಟುವವರಿಗೆ ಇನ್ನೆರಡು ಮಾತು. ಸುಡುವ ಜಾಲರಿಗೆ ಜಿ.ಐ. ಮೆಶ್, ಅಂದರೆ ಸತು ಲೇಪಿಸಿದ ತಂತಿಯ ಬಲೆ, ಬೇಡವೇ ಬೇಡ. ಮೇಲಿನ ಸತು 419 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಬೂದಿಯನ್ನು ಮಳೆಗೆ ಮುಂಚೆ ತೆಗೆಯಿರಿ, ಒದ್ದೆ ಬೂದಿ ಪೆಟ್ಟಿಗೆಯನ್ನು ತಿನ್ನುತ್ತದೆ. ಮತ್ತೆ ಸ್ಲ್ಯಾಬಿನ ಅಡಿ ಅಂಚಿಗೆ ಉದ್ದಕ್ಕೂ ಒಂದು ಗೀರು ಹೊಡೆಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಇಳಿಯುವುದಿಲ್ಲ. ನಮ್ಮ ಮಲೆನಾಡಿನ ಮಳೆಗೆ ಇದು ಇಲ್ಲದಿದ್ದರೆ ಒಂದೇ ವರ್ಷಕ್ಕೆ ಗೋಡೆ ಹಸಿರು.

ಸೀಳಿದ ಗ್ರಾನೈಟಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ದೊಡ್ಡ ತುಂಡನ್ನು ಪಿಕಪ್ಪಿನಲ್ಲಿ ಮನೆಗೆ ತಂದೆ. ಪಾಲಿಶ್ ಇಲ್ಲದ ಬೆನ್ನು ಮೇಲೆ ಮಾಡಿ ಹಿತ್ತಲಲ್ಲಿ ಹಾಕಿದ್ದೇವೆ. ಅಮ್ಮ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.